ನಾಯಕಿಯ ಕೈ

ಕಾದಂಬರಿಯನ್ನು ಕೊನೆಯ ಪುಟದವರೆಗೆ ಓದಿ ಅದಕ್ಕೆ ಸಂಭಾಷಣೆ ಬರೆದವಳು ಇಡೀ ತರಗತಿಯಲ್ಲಿ ಒಬ್ಬಳೇ. ನಾಯಕಿಯ ಪಾತ್ರವನ್ನು ಇಂಗ್ಲಿಷ್ ಮೇಷ್ಟ್ರು ತಮ್ಮ ಅಕ್ಕನ ಮಗಳಿಗೆ ಕೊಟ್ಟರು. ಬರೆದವಳಿಂದ ಎರಡು ಕೈಗಳನ್ನು ಮಾತ್ರ ತೆಗೆದುಕೊಂಡರು.

ಕಾದಂಬರಿ ಅಮೆರಿಕದ್ದು, ಹಳೆಯದು, ದಿಂಬಿನಷ್ಟು ದಪ್ಪ. ಲಾಂಡ್ರಿಯೊಂದರಲ್ಲಿ ಸಾಹುಕಾರರ ಅಂಗಿ ಒಗೆದೊಗೆದು ಕೈ ಸುಲಿದುಕೊಂಡ ಹೆಂಗಸಿನ ಕಥೆ. ಅದನ್ನು ಪುಟ್ಟದೊಂದು ವಿಡಿಯೊ ಮಾಡಿದರೆ ಪರೀಕ್ಷೆಯ ಕಾಲು ಭಾಗ ಅಂಕ. ಮೇಷ್ಟ್ರ ಲೆಕ್ಕದಲ್ಲಿ ಅಮೆರಿಕ ಎಂದರೆ ಟೋಪಿ. ಹಾಗಾಗಿ ಎಲ್ಲರ ತಲೆಯ ಮೇಲೂ ಟೋಪಿ ಬಂತು, ಬಟ್ಟೆ ಒಗೆಯುವವಳ ತಲೆಯ ಮೇಲೂ. ಲಾಂಡ್ರಿ ಧಣಿಯ ಗಾಂಭೀರ್ಯ ಹುಡುಗರಲ್ಲಿ ಯಾರಿಗೂ ಇಲ್ಲವೆಂದು ತಾವೇ ಕೋಟು ತೊಟ್ಟು, ಹತ್ತಿಯ ಮೀಸೆ ಅಂಟಿಸಿಕೊಂಡರು. ಕೆಟ್ಟದ್ದು ಒಂದೇ: ನಾಯಕಿಯ ಕೈ ಬೆಣ್ಣೆಯಂತಿತ್ತು. ಅದರ ಮೇಲೆ ಉಗುರಿಗೆ ಗುಲಾಬಿ ಬಣ್ಣ.

ಸಂಭಾಷಣೆ ಬರೆದವಳನ್ನು ತರಗತಿಯವರು ‘ಸೋಡಾ’ ಎನ್ನುತ್ತಿದ್ದರು. ದಿನಾ ಕಾಲೇಜಿಗೆ ಬರುವ ಮುಂಚೆ ಅವಳು ಅಮ್ಮನ ಜೊತೆ ಊರಿನ ಲಾಂಡ್ರಿಯಲ್ಲಿ ಹೋಟೆಲುಗಳ ಹಾಸಿಗೆ ಬಟ್ಟೆ ಒಗೆದು ಬರುತ್ತಿದ್ದಳು. ಎಷ್ಟು ತೊಳೆದರೂ ಬೆರಳುಗಳಿಂದ ವಾಷಿಂಗ್ ಸೋಡಾದ ವಾಸನೆ ಹೋಗುತ್ತಿರಲಿಲ್ಲ. ಬೆರಳ ಸಂದಿಯಲ್ಲೆಲ್ಲ ಚರ್ಮ ಬಿರಿದಿತ್ತು. “ಆಹಾ, ಕೈ ಅಂದ್ರೆ ಇದಪ್ಪಾ,” ಎಂದು ಮೇಷ್ಟ್ರು ಅದನ್ನು ತರಕಾರಿಯಂತೆ ತಿರುಗಿಸಿ ನೋಡಿದರು. ಅಂದಿನಿಂದ ಮುಖ ಕಾಣಬೇಕಾದಾಗ ಅಕ್ಕನ ಮಗಳು, ಕೈ ಕಾಣಬೇಕಾದಾಗ ಸೋಡಾ. ನೀರಿಗೆ ಸೋಡಾಳ ಕೈ ಇಳಿದರೆ ನಾಯಕಿಗೆ ಬಿಡುವು. ಸುಮ್ಮನೆ ಕೂರುವುದೇಕೆಂದು ಫೋನು ಹಿಡಿದು ಅವಳೇ ಚಿತ್ರೀಕರಿಸುತ್ತಿದ್ದಳು.

ಕೊನೆಯ ದೃಶ್ಯಕ್ಕೆ ರಸಾಯನಶಾಸ್ತ್ರದ ಪ್ರಯೋಗಾಲಯದ ಮೂಲೆಯಲ್ಲಿ ತಗಡಿನ ಬೋಗುಣಿ ಇಟ್ಟು, ಶಾಂಪೂ ಸುರಿದು ನೊರೆ ಎಬ್ಬಿಸಿದರು. ಉಳಿದ ಹುಡುಗರ ಪಾತ್ರ ಮುಗಿದಿತ್ತು, ಅವರು ಮನೆಗೆ ಹೋಗಿದ್ದರು. ಪುಸ್ತಕದಲ್ಲಿ ಧಣಿ ಕೂಲಿ ಕಡಿಮೆ ಮಾಡುತ್ತಾನೆ, ಅವಳು ಒಗೆಯುವುದನ್ನು ಅಷ್ಟಕ್ಕೇ ಬಿಟ್ಟು ಎದ್ದು ಹೋಗುತ್ತಾಳೆ. ಸೋಡಾ ಬರೆದದ್ದೂ ಹಾಗೆಯೇ.

“ಸ್ವಲ್ಪ ಬದಲಾಯಿಸಿದ್ದೀನಿ,” ಎಂದರು ಮೇಷ್ಟ್ರು, ಮೀಸೆ ಒತ್ತಿಕೊಳ್ಳುತ್ತಾ. “ಎದ್ದು ಹೋಗೋದೆಲ್ಲ ಬೇಡ. ನಾನು ಬುದ್ಧಿ ಹೇಳ್ತೀನಿ, ಅವಳು ಕೈ ಮುಗೀತಾಳೆ. ಒದ್ದೆ ಕೈ, ಹತ್ತಿರದಿಂದ, ಹಿಂದೆ ಪಿಟೀಲು. ಜನ ಅತ್ತುಬಿಡ್ತಾರೆ.”

“ಯಾಕೆ ಸರ್ ಕೈ ಮುಗೀತಾಳೆ?”

“ತಪ್ಪು ಗೊತ್ತಾಗಿರುತ್ತಲ್ಲಮ್ಮ.”

“ಕೂಲಿ ಕಡಿಮೆ ಮಾಡಿದ್ದು ಅವನಲ್ವಾ?”

ಮೇಷ್ಟ್ರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. “ವಿಡಿಯೊ ಪ್ರದರ್ಶನಕ್ಕೆ ಮುಖ್ಯ ಅತಿಥಿ ಯಾರು ಹೇಳು? ನಿಮ್ಮ ಲಾಂಡ್ರಿ ಯಜಮಾನರು. ಕಾಲೇಜಿಗೆ ಹೊಸ ಕಟ್ಟಡ ಕಟ್ಟಿಸಿಕೊಡ್ತಿರೋರು. ಅವರನ್ನ ಮುಂದಿನ ಸಾಲಲ್ಲಿ ಕೂರಿಸಿಕೊಂಡು, ಕೆಲಸ ಬಿಟ್ಟು ಎದ್ದು ಹೋಗೋ ಕಥೆ ತೋರಿಸೋಕಾಗುತ್ತಾ? ನಿಮ್ಮಮ್ಮನೂ ಅವರ ಹತ್ರಾನೇ ಕೆಲಸಕ್ಕಿರೋದು. ಸ್ವಲ್ಪ ಯೋಚನೆ ಮಾಡು.”

ಸೋಡಾ ಯೋಚನೆ ಮಾಡಿದಳು. ರಬ್ಬರ್ ಕೈಗವಸು ಹಾಕಿಕೊಂಡರೆ ಹೆಂಗಸರ ಕೈ ನಿಧಾನವಾಗುತ್ತದೆಂದು ಅದೇ ಯಜಮಾನ ಕಳೆದ ತಿಂಗಳು ಅವನ್ನು ಕೊಡುವುದು ನಿಲ್ಲಿಸಿದ್ದ. ಅಮ್ಮ ಈಗ ಚಮಚದಲ್ಲಿ ಉಣ್ಣುತ್ತಿದ್ದಳು. ಉಪ್ಪು ಖಾರ ತಾಗಿದರೆ ಬೆರಳು ಉರಿಯುತ್ತಿತ್ತು.

ಬೋಗುಣಿಗೆ ಕೈ ಹಾಕಿ ಕೂತಳು. ನಾಯಕಿ ಫೋನು ಎತ್ತಿ “ಹ್ಞೂಂ, ಶುರು,” ಎಂದಳು. ಮೇಷ್ಟ್ರು ಗಂಟಲು ಸರಿಮಾಡಿಕೊಂಡು, ಧಣಿ ಎಂದರೆ ತಂದೆಯಿದ್ದಂತೆ ಎಂದು ಸಾಕಷ್ಟು ಹೊತ್ತು ಬುದ್ಧಿ ಹೇಳಿದರು. ಕೈಗಳು ನೊರೆಯೊಳಗೇ ಇದ್ದವು.

“ಕೈ ಮುಗಿಯಮ್ಮ.”

“ಇಲ್ಲ ಸರ್.”

“ನಟನೆ ಕಣಮ್ಮ ಇದು. ನಿಜವಾಗಿ ಅಲ್ಲ.”

“ಕೈ ನಿಜವಾಗ್ಲೂ ನಂದೇ ಅಲ್ವಾ ಸರ್.”

“ಅಂಕ ಹಾಕೋ ಕೈ ನಂದು. ಅದೂ ನೆನಪಿರಲಿ.”

“ಹಾಕ್ಬೇಡಿ.”

ಮೇಷ್ಟ್ರು ಅಕ್ಕನ ಮಗಳ ಕಡೆ ತಿರುಗಿದರು. “ಇವಳದ್ದು ಯಾವಾಗಲೂ ಇದೇ ರಗಳೆ. ನೀನೇ ಬಂದು ಕೈ ಮುಗಿದುಬಿಡು.”

ಅವಳು ತನ್ನ ಬೆರಳುಗಳನ್ನು ಚಾಚಿ ತೋರಿಸಿದಳು. “ಹೇಗಾಗುತ್ತೆ ಮಾವ? ಸಿನಿಮಾ ಪೂರ್ತಿ ಅವಳ ಕೈ ತೋರಿಸಿ, ಕೊನೇಲಿ ಇದನ್ನ ತೋರಿಸಿದ್ರೆ ಸತ್ತವನೂ ಎದ್ದು ನಗ್ತಾನೆ. ನಿಮ್ಮ ನಾಯಕಿಗೆ ಇರೋದು ಅದೊಂದೇ ಜೊತೆ.”

ಇದು ಮೇಷ್ಟ್ರಿಗೆ ಹೊಳೆದೇ ಇರಲಿಲ್ಲ. ಆಮಂತ್ರಣ ಪತ್ರಿಕೆ ಹಂಚಿಯಾಗಿತ್ತು. ಪ್ರಾಂಶುಪಾಲರು ಯಜಮಾನರಿಗೆ ಕಥೆಯನ್ನೂ ಹೇಳಿಬಿಟ್ಟಿದ್ದರು, ಹೊಸ ಕೊನೆಯ ಸಮೇತ. ಮೇಷ್ಟ್ರು ಬೋಗುಣಿಯ ಮುಂದೆ ಕುಕ್ಕರಗಾಲಲ್ಲಿ ಕೂತರು. ಕೋಟಿನ ಅಂಚು ನೀರಿಗೆ ಬಿತ್ತು.

“ಒಂದೇ ಒಂದು ಸಲ, ತಾಯಿ. ಯಜಮಾನರ ಮುಂದೆ ನನ್ನ ಮಾನ ಹೋಗುತ್ತೆ. ನಿನ್ನ ದಮ್ಮಯ್ಯ ಅಂತೀನಿ.”

ಹೇಳುತ್ತಾ ಹೇಳುತ್ತಾ ಅವರ ಎರಡೂ ಕೈ ತಾವಾಗಿಯೇ ಜೋಡಿಕೊಂಡು ಹತ್ತಿಯ ಮೀಸೆಯ ಮಟ್ಟಕ್ಕೆ ಏರಿದವು. ಧಣಿಯ ಕೋಟು, ಧಣಿಯ ಟೋಪಿ, ಮುಗಿದ ಕೈ.

ನೊರೆ ಕೊಡವಿಕೊಂಡು ಸೋಡಾ ಎದ್ದಳು. ಬಾಗಿಲಿದ್ದದ್ದು ಫೋನು ಹಿಡಿದವಳ ಹಿಂದೆ. ಸೋಡಾ ಅತ್ತಲೇ ನಡೆದಳು.

ಫೋನು ಇನ್ನೂ ತಮ್ಮತ್ತಲೇ ಇರುವುದು ಮೇಷ್ಟ್ರಿಗೆ ಕಂಡದ್ದು ಆಗ. ಬೆಂಕಿ ಮುಟ್ಟಿದವರಂತೆ ಕೈ ಬಿಡಿಸಿಕೊಂಡು, ಎದ್ದು ಧಾವಿಸಿ ಇಬ್ಬರು ಹುಡುಗಿಯರ ನಡುವೆ ಅಡ್ಡ ನಿಂತರು. “ಏಯ್, ನಿಲ್ಲಿಸು. ಈಗಿಂದೀಗ್ಲೇ ಅಳಿಸು ಅದನ್ನ.”

ನಾಯಕಿ ಫೋನು ಇಳಿಸಲಿಲ್ಲ.

“ಸ್ವಲ್ಪ ಪಕ್ಕಕ್ಕೆ ಸರೀರಿ ಮಾವ,” ಎಂದಳು. “ಅವಳ ಮುಖ ಕಾಣ್ತಿಲ್ಲ.”