ಮಂಡಕ್ಕಿ ತಿನ್ನುವ ಮೀನು

ಅಂದು ಬೆಳಿಗ್ಗೆ ಮಂಜು ಕರಗಿ, ಬೆಟ್ಟದ ದೇವಸ್ಥಾನದ ಪಕ್ಕದ ತೊರೆಯ ಮೇಲೆ ಎಳೆಬಿಸಿಲು ಬಿದ್ದಿತ್ತು. ಟ್ರೌಟ್ ಮೀನು ಹಿಡಿದು ಪಳಗಿದ ಪೇಟೆಯವನು, ಗರಿಯನ್ನು ನೊಣದಂತೆ ಕಟ್ಟಿದ ಗಾಳವನ್ನು ಎಸೆಯುತ್ತಲೇ ಇದ್ದ. ಒಂದು ಮೀನೂ ತಿರುಗಿ ನೋಡಲಿಲ್ಲ.

“ಇವು ದೇವರ ಮೀನು ಮಾರಾಯ್ರೆ,” ಮಡಿಯುಟ್ಟು ಬಂದ ಅರ್ಚಕರು ನಕ್ಕರು. “ಭಕ್ತರು ಹಾಕುವ ಮಂಡಕ್ಕಿ ಬಿಟ್ಟು ನೊಣ ಗಿಣ ಮುಟ್ಟುವುದಿಲ್ಲ. ಹಿಡಿದರೆ ವಂಶಕ್ಕೇ ದೋಷ. ಆ ಗಾಳ ಇಲ್ಲಿ ಕೊಡಿ.”

“ಅಪ್ಪ ಕಟ್ಟಿದ್ದು ಭಟ್ರೆ. ಅವರದ್ದು ಅಂತ ಉಳಿದಿರೋದು ಅದೊಂದೇ.”

“ದೇವರ ಕಾಲಡಿ ಇಟ್ಟಿರ್ತೇನೆ. ನಾಳೆ ಹೊರಡುವಾಗ ಕೊಡ್ತೇನೆ.”

ಮರುದಿನ ಅರ್ಚಕರು ತೀರ್ಥ ಕೊಟ್ಟು, ಗಾಳವನ್ನೂ ಸದ್ದಿಲ್ಲದೆ ಅವನ ಅಂಗೈಯಲ್ಲಿಟ್ಟರು. ಗರಿಯ ಮೇಲೆ ದೀಪದ ಬತ್ತಿಯ ಹತ್ತಿಯನ್ನು ಮಂಡಕ್ಕಿಯ ಆಕಾರಕ್ಕೆ ಸುತ್ತಲಾಗಿತ್ತು. ಕೊಕ್ಕೆಗೆ ಮೀನಿನ ಹುರುಪೆಯೊಂದು ಅಂಟಿಕೊಂಡಿತ್ತು.