ಭರಣಿಗೆ ಬೆಲ್ಲ

ಇಳಕಲ್ಲಿನ ಪಾರವ್ವ ಕಷಾಯ ಕುದಿಸಿದರೆ ಹೊಸಪೇಟೆಯ ಎಮ್ಮೆಗಳೂ ಮುಖ ಕಿವಿಚುತ್ತಿದ್ದವು. ಸುಳ್ಳಾದರೆ ನನ್ನ ಮೀಸೆ ಬೋಳಿಸಿ. ನೆಗ್ಗಿಲು, ನೆಲನೆಲ್ಲಿ, ಅಮೃತಬಳ್ಳಿ ಎಂದು ಅವಳು ಕಿತ್ತ ರಭಸಕ್ಕೆ ಊರ ಗುಡ್ಡವೇ ಸೆರಗಿಲ್ಲದೆ ನಾಚಿ ಕುಳಿತಿತ್ತು.

ಅವಳ ಗಂಡ ಗುರುಪಾದಪ್ಪನ ಕಿಡ್ನಿಯನ್ನು ಸಕ್ಕರೆ ಕಾಯಿಲೆ ತಿನ್ನುತ್ತಿತ್ತು. ಅಂಥ ಎಲ್ಲ ಮನೆಗಳಿಗೆ ಕೊಡುವಂತೆ ಅವರಿಗೂ ದವಾಖಾನೆಯವರು ಒಂದು ಗಾಜಿನ ಭರಣಿ ಕೊಟ್ಟಿದ್ದರು. ಅದರೊಳಗೆ ರೋಗಿಯ ಕಿಡ್ನಿಯ ಚೂರಿನಿಂದಲೇ ಬೆಳೆಸಿದ ಅದರ ಪಡಿಯಚ್ಚು ತೇಲುತ್ತಿತ್ತು. ಯಾವ ಮದ್ದನ್ನೂ ಮೊದಲು ಅದಕ್ಕೆ ಹನಿಸಬೇಕು. ಅದು ಕೆಂಪಗೆ ತಿರುಗಿದರೆ ಮಾತ್ರ ರೋಗಿಗೆ ಕುಡಿಸಬೇಕು. ಒಬ್ಬರಿಗೆ ಒಂದೇ ಭರಣಿ. ಪಾರವ್ವ ಏನು ಹನಿಸಿದರೂ ಅದು ಕಪ್ಪಾಗುತ್ತಲೇ ಹೋಗಿತ್ತು.

ಅಂದು ಕೊಮ್ಮೆಬೇರಿನ ಕಷಾಯ ಹಿಡಿದು ಬಂದವಳು ಬಾಗಿಲಲ್ಲೇ ನಿಂತಳು. ಅತ್ತೆ ನಾಗವ್ವ ಭರಣಿಗೆ ಬೆಲ್ಲದ ನೀರು ಸುರಿಯುತ್ತಿದ್ದಳು.

"ಅತ್ತಿ! ಏನ್ ಮಾಡಾಕತ್ತೀರಿ?"

"ಮನಿಗೆ ಬಂದೋರಿಗೆ ಬೆಲ್ಲಾ-ನೀರು ಕೊಡಬ್ಯಾಡೇನ? ದಿನಾ ಕೊಡತೀನಿ. ನನ್ನ ಮಗನ ಬಾಯಿಗಂತೂ ನೀ ಸಿಹಿ ಮುಟ್ಟಸಗೊಡೂದಿಲ್ಲ. ಇದೂ ಅವನ ತುಣುಕಲ್ಲೇನ?"

ಪಾರವ್ವನ ಎದೆ ಧಸಕ್ಕೆಂದ ಸದ್ದಿಗೆ ಓಣಿಯ ಮಗ್ಗಗಳೆಲ್ಲ ನಿಂತುಬಿಟ್ಟವು. ಯಾವ ಬೇರು ತಾನಾಗಿ ಸೋತಿತ್ತು, ಯಾವುದನ್ನು ಬೆಲ್ಲ ಸೋಲಿಸಿತ್ತು? ಅದನ್ನು ಹೇಳಬೇಕಾದ ಪಡಿಯಚ್ಚು ಇದ್ದಿಲಿನಂತಾಗಿ ಭರಣಿಯ ತಳ ಸೇರಿತ್ತು.

ಮಂಚದ ಮೇಲಿಂದ ಗುರುಪಾದಪ್ಪನ ಊದಿದ ಮುಖ ಇತ್ತ ಹೊರಳಿತು.

"ಭರಣಿ ಏನಂತು?"

ಪಾರವ್ವ ಕಷಾಯದ ಬಟ್ಟಲನ್ನು ಅವನ ತುಟಿಗೆ ಹಿಡಿದಳು.

"ಇನ್ನ ಮುಂದ ನಿಮ್ಮನ್ನ ಕೇಳಬೇಕಂತ್ರಿ. ಬಾಯಿ ತಗೀರಿ."