ತೆಂಗಿನ ಹಾಲು

ಕಾದಂಬರಿಯಲ್ಲಿ ತಾಯಿ ಹಿಮ ತುಳಿದುಕೊಂಡು ಬಂದೇಬಿಟ್ಟಳು. ಶತ್ರು ಕುಲದವನನ್ನು ವರಿಸಿದ ಮಗಳ ಹೆಗಲಿಗೆ ತನ್ನ ಕುಲದ ಚೌಕಳಿ ಶಾಲು ಹೊದಿಸಿ ಹೊರಟುಹೋದಳು. ಲಂಡನ್ನಿನ ಫೆಲ್ಥಮ್‌ನ ಅಡುಗೆಮನೆಯಲ್ಲಿ ಅಪೊಲಿನ್ ಆ ಪುಟಕ್ಕೆ ಬೆರಳಿಟ್ಟು ಪುಸ್ತಕ ಮುಚ್ಚಿದಳು. ಹಳೆಯ ಕಾಲದ ಸ್ಕಾಟ್ಲೆಂಡಿನ ಪ್ರೇಮಕಥೆ. ಅವಳು ಗುಡಿಸುವ ವಿಮಾನದಲ್ಲಿ ಯಾರೋ ಬಿಟ್ಟುಹೋದದ್ದು.

ಒಲೆಯ ಮೇಲೆ ಮೀನಿನ ಗಸಿ ಕುದಿಯುತ್ತಿತ್ತು. ಪಕ್ಕದಲ್ಲಿ ಆಗಷ್ಟೇ ತೆರೆದ ತೆಂಗಿನ ಹಾಲಿನ ಡಬ್ಬಿ. ಉಡುಪಿ ಕಡೆಯ ಅವಳ ಊರಿನಲ್ಲಿ, ಇಗರ್ಜಿ ಹಬ್ಬದ ಮೆರವಣಿಗೆಗೆ ಸತ್ತಿಗೆ ಹಿಡಿಯುವವರು ಯಾರು ಎಂಬ ಜಗಳದಿಂದ ಅವಳ ಮನೆಗೂ ಪಾಸ್ಕಲನ ಮನೆಗೂ ಅಜ್ಜಂದಿರ ಕಾಲದಿಂದಲೇ ಮಾತಿರಲಿಲ್ಲ. ಲಂಡನ್ನಿನಲ್ಲಿ ಅವಳು ಅವನನ್ನೇ ಮದುವೆಯಾದಳು. ಮದುವೆಯ ಮುನ್ನಾದಿನದ ರೋಸ್ ಶಾಸ್ತ್ರದಲ್ಲಿ ಮದುಮಗಳ ತಲೆಗೆ ತೆಂಗಿನ ಹಾಲು ಹೊಯ್ದು ಹರಸಲು ತವರಿನ ಒಂದು ಕೈಯೂ ಬರಲಿಲ್ಲ. ಗೆಳತಿಯರು ಮುಂದೆ ಬಂದರೆ, ನನ್ನ ರಕ್ತದವರೇ ಆಗಬೇಕು ಎಂದು ಹಟ ಹಿಡಿದು ಕಳಿಸಿಬಿಟ್ಟಿದ್ದಳು.

ಮಗಳು ಅಶ್ಲಿನ್ ಒಳಗೆ ಬಂದಳು. ಇಲ್ಲೇ ಹುಟ್ಟಿ ಬೆಳೆದವಳು. ರೋಸ್ ಎಂದರೇನೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಅಪೊಲಿನ್‌ಗೆ ಏನನ್ನಿಸಿತೋ, ಮುಡಿ ಬಿಚ್ಚಿ ಸ್ಟೂಲಿನ ಮೇಲೆ ಕೂತಳು. ಡಬ್ಬಿಯನ್ನು ಮಗಳತ್ತ ಚಾಚಿ ತಲೆ ಬಾಗಿಸಿದಳು.

“ಇದನ್ನೊಂದು ಹೊಯ್ಯಿ ಮಗಾ.”

“ಯು ಲುಕ್ ಸೋ ಟೈಯರ್ಡ್, ಮಮ್. ನೀನು ಕೂತ್ಕೋ.”

ಅಶ್ಲಿನ್ ಅಕ್ಕರೆಯಿಂದ ಡಬ್ಬಿ ತೆಗೆದುಕೊಂಡು, ಕೊನೆಯ ಹನಿಯವರೆಗೂ ಗಸಿಗೆ ಸುರಿದಳು. ಖಾಲಿ ಡಬ್ಬಿ ಬಿನ್ನಿಗೆ ಬಿದ್ದ ಸದ್ದು ಕೇಳಿದರೂ ಅಪೊಲಿನ್ ತಲೆ ಎತ್ತಲಿಲ್ಲ.